ಭಾಲ್ಕಿಯಲ್ಲಿ ನಾನು ಕಾಂತದ್ಯುತಿಯ ಅರ್ಥ ಹೇಳಿದ ದಿನ

ಆ ಭಾನುವಾರವೂ ನಮ್ಮ ಮನೆ ಎದ್ದದ್ದು ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಬೀದರಿನ ಚಿದ್ರಿಯಲ್ಲಿದ್ದ ಆ ಮನೆಯ ಅಡಿಗೆಮನೆಗೂ ನಾನು ಮಲಗುತ್ತಿದ್ದ ಪಡಸಾಲೆಗೂ ನಡುವೆ ಇದ್ದದ್ದು ಒಂದು ಕೆಂಪುಕಲ್ಲಿನ ಗೋಡೆ. ಗೋಡೆ ಎಷ್ಟು ದಪ್ಪವಿದ್ದರೂ ಅಂಗೈ ಹಿಟ್ಟಿನ ಮೇಲೆ ಬೀಳುವ ಆ ತಾಳ ನನ್ನ ತಲೆದಿಂಬಿನವರೆಗೆ ಬರುತ್ತಿತ್ತು. ಬಡಿತ ನಿಧಾನವಾದರೆ ಜೋಳ ಹಳೆಯದು, ರೊಟ್ಟಿ ಹರಿಯುತ್ತಿದೆ ಎಂದು ಅರ್ಥ. ಬೇಗ ಬೇಗ ಬಿದ್ದರೆ ಮನೆಯಲ್ಲಿ ಯಾರೋ ಎಲ್ಲಿಗೋ ಹೊರಟಿದ್ದಾರೆ. ಆ ದಿನ ಬೇಗ ಬೇಗ ಬೀಳುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಆಯಿ, ಅಂದರೆ ಅಪ್ಪಾಜಿಯ ತಾಯಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು. ಪೂಜೆ ಮುಗಿಯುವ ತನಕ ಅವಳು ಮಾತಾಡುತ್ತಿರಲಿಲ್ಲ. ನಾನಿನ್ನೂ ಹಾಸಿಗೆಯಲ್ಲೇ ಇದ್ದರೆ ಬಲಗೈ ಬೆರಳಿನಿಂದ ನೆಲ ತಟ್ಟುತ್ತಿದ್ದಳು, ಕಣ್ಣು ಮಾತ್ರ ಲಿಂಗದ ಮೇಲೇ ಇರುತ್ತಿತ್ತು. ಅಪ್ಪಾಜಿ ಅಂಗಳದ ಕಂಬಕ್ಕೆ ಕನ್ನಡಿ ತೂಗುಹಾಕಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ಔರಾದಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮಾಸ್ತರರು. ವಾರದ ದಿನಗಳಲ್ಲಿ ಮೊದಲ ಬಸ್ಸು ಹಿಡಿಯುವ ಅವಸರಕ್ಕೆ ಕೆನ್ನೆಯಲ್ಲಿ ಎಲ್ಲಾದರೂ ಒಂದು ಗೀರು ಇದ್ದೇ ಇರುತ್ತಿತ್ತು. ಭಾನುವಾರ ಅವರ ಮುಖ ನುಣ್ಣಗೆ ಕಾಣುತ್ತಿತ್ತು.

ನಾನು ಮೈಗೆ ನೀರು ಹಾಕಿಕೊಂಡು ಬಂದ ಮೇಲೆ ಅವ್ವ ನನ್ನ ತಲೆ ಹಿಡಿದು ಕೂತಳು. ಕಾನ್ವೆಂಟಿಗೆ ಹೋಗುತ್ತಿದ್ದಷ್ಟು ವರ್ಷ ನನಗೆ ಎರಡು ಜಡೆ, ಮಡಚಿ ಕಿವಿಯ ಹಿಂದೆ ಬಿಗಿದ ರಿಬ್ಬನ್ನು. ಪಿ.ಯು.ಸಿ. ಮುಗಿದು ಫಲಿತಾಂಶ ಬಂದ ಮೇಲೂ ಅದೇ ನಡೆದಿತ್ತು. ಆ ದಿನ ಅವ್ವ ಬೈತಲೆ ತೆಗೆಯದೆ ಕೂದಲನ್ನೆಲ್ಲ ಹಿಂದಕ್ಕೆ ಒಟ್ಟುಮಾಡಿದಳು.

“ಯಾಕವ್ವ, ಒಂದೇ ಜಡಿ ಹಾಕ್ಲತಿ?”

“ಭಾಲ್ಕಿಯಾಗ ಮಾಸ್ತರ ಮುಂದ ನಿಂದರಬೇಕು. ಎರಡು ಜಡಿ ಹಾಕ್ಕೊಂಡು ಹೋದ್ರ ಹುಡುಗಾಟ ಕಾಣ್ತದ.”

“ಸೀರಿನೂ ಉಡಬೇಕೇನು?”

“ಉಟ್ರ ಏನಾಯ್ತು. ನಿಮ್ಮ ಸಿಸ್ಟರ್‌ಗಳು ಉಡೂದಿಲ್ಲೇನು?”

ಉತ್ತರ ನನಗೆ ಸರಿಯೇ ಅನ್ನಿಸಿತು. ನಮ್ಮ ಕಾನ್ವೆಂಟಿನ ವಿಜ್ಞಾನದ ಸಿಸ್ಟರ್ ಬಿಳಿ ಸೀರೆಯಲ್ಲಿ ಕರಿಹಲಗೆಯ ಮುಂದೆ ನಿಂತರೆ ಕೋಣೆಯೇ ತಣ್ಣಗಾಗುತ್ತಿತ್ತು. ನಾನೂ ಹಾಗೇ ನಿಲ್ಲುತ್ತೇನೆ ಅಂದುಕೊಂಡೆ. ಅವ್ವ ಪೆಟ್ಟಿಗೆಯಿಂದ ತನ್ನ ನವಿಲುಬಣ್ಣದ ಸೀರೆ ತೆಗೆದಳು. ಅದಕ್ಕೆ ಹಿಂದಿನ ದಿನವೇ ಇಸ್ತ್ರಿ ಆಗಿತ್ತು. ಮಡಿಕೆ ಚೂಪಾಗಿದ್ದದ್ದನ್ನು ನೋಡಿದ್ದು ನೆನಪಿದೆ, ಅದರ ಬಗ್ಗೆ ಯೋಚಿಸಿದ್ದು ನೆನಪಿಲ್ಲ.

ಆ ದಿನದ ಮೇಲೆ ನಾನು ಎಷ್ಟು ಆಸೆ ಇಟ್ಟಿದ್ದೆ ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಓಣಿಯಲ್ಲಿ ಹುಡುಗಿಯರ ಓದು ಪಿ.ಯು.ಸಿ.ಗೆ ನಿಲ್ಲುತ್ತಿತ್ತು. ನನಗೆ ಬಿ.ಎಸ್ಸಿ. ಓದಬೇಕಿತ್ತು, ಅದರಲ್ಲೂ ಭೌತಶಾಸ್ತ್ರ. ಅವ್ವ, ದೊಡ್ಡಪ್ಪ ಎಲ್ಲರೂ ಬೇಡ ಅನ್ನುವವರೇ. ಅಪ್ಪಾಜಿಯೊಬ್ಬರು ಒಂದು ದಾರಿ ತೋರಿಸಿದ್ದರು. ಭಾಲ್ಕಿಯಲ್ಲಿ ತಿಂಗಳಿಗೊಮ್ಮೆ ವಿಜ್ಞಾನದ ಮಾಸ್ತರರು ಕೂಡುತ್ತಾರೆ, ಅಲ್ಲಿ ಒಂದು ಪದದ ಅರ್ಥವನ್ನೂ ಬಳಕೆಯನ್ನೂ ನೀನು ನಿಂತು ಹೇಳು, ಅವರು ಹೌದು ಅಂದರೆ ಮನೆಯವರ ಬಾಯಿ ಮುಚ್ಚುತ್ತದೆ, ಅದೇ ವಾರ ನಿನ್ನನ್ನು ಬಿ.ಎಸ್ಸಿ.ಗೆ ಹಚ್ಚುತ್ತೇನೆ ಎಂದಿದ್ದರು. ನಾನು ಆ ಮಾತನ್ನು ಎದೆಗೆ ಕಟ್ಟಿಕೊಂಡು ಬೇಸಿಗೆ ಕಳೆದಿದ್ದೆ.

ಪದದ ಅರ್ಥ ಹೇಳುವುದು ನಮ್ಮ ಮನೆಯ ಊಟದ ಒಂದು ಭಾಗವೇ ಆಗಿತ್ತು. ರಾತ್ರಿ ಎಲ್ಲರೂ ತಾಟಿನ ಮುಂದೆ ಕೂತ ಮೇಲೆ ಅಪ್ಪಾಜಿ ಒಂದು ಪದ ಹೇಳುವರು. ಘರ್ಷಣೆ, ಒತ್ತಡ, ಆವಿ, ಹೀಗೆ ಯಾವುದೋ ಒಂದು. ನಾನು ಅದನ್ನು ಆಯಿಗೆ ತಿಳಿಯುವ ಹಾಗೆ ಬಿಡಿಸಬೇಕು. ಅಡಿಗೆಮನೆಯಲ್ಲಿ, ಅಂಗಳದಲ್ಲಿ ಇರುವ ವಸ್ತುಗಳನ್ನಷ್ಟೇ ಉದಾಹರಣೆಗೆ ತೆಗೆದುಕೊಳ್ಳಬೇಕು. ಪುಸ್ತಕದ ಇನ್ನೊಂದು ಪದ ತಂದು ಈ ಪದದ ಅರ್ಥ ಹೇಳಿದರೆ ಸೋತ ಹಾಗೆ. ಆಯಿ ಸಾಲಿಗೆ ಹೋದವಳಲ್ಲ. ಆದರೆ ತಿಳಿಯದೆ ತಿಳಿಯಿತು ಅನ್ನುವ ಸ್ವಭಾವ ಅವಳಲ್ಲಿ ಚೂರೂ ಇರಲಿಲ್ಲ. ಅವಳು ಪುಂಡಿಪಲ್ಯ ಕಲಸುವುದನ್ನು ನಿಲ್ಲಿಸಿ “ತಿಳಿತು” ಅಂದರೆ ಮುಗಿಯಿತು. ಆಮೇಲೆ ಅಪ್ಪಾಜಿ ಬಳಕೆ ಕೇಳುವರು. ಬರೀ ಅರ್ಥ ಹೇಳಿದರೆ ಸಾಲದು, ಆ ಪದ ಜಗತ್ತಿನಲ್ಲಿ ಎಲ್ಲಿ ದುಡಿಯುತ್ತದೆ ಎಂದು ತೋರಿಸಬೇಕು. ಕಾನ್ವೆಂಟಿನಲ್ಲಿ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಮನೆಗೆ ಬಂದು ಆಯಿಯ ಮುಂದೆ ಕೂತಾಗಲೇ ನನಗೆ ಏನು ಗೊತ್ತು ಏನು ಗೊತ್ತಿಲ್ಲ ಎನ್ನುವುದು ಬಯಲಾಗುತ್ತಿತ್ತು. ಯೋಚಿಸುವುದನ್ನು ನಾನು ಕಲಿತದ್ದು ಆ ತಾಟುಗಳ ನಡುವೆ.

ಆ ಬೇಸಿಗೆಯ ಶುರುವಿನಲ್ಲಿ ಒಂದು ರಾತ್ರಿ ಅಪ್ಪಾಜಿ ಹೇಳಿದ ಪದ ಕಾಂತದ್ಯುತಿ. ಇಂಗ್ಲಿಷಿನಲ್ಲಿ ಮ್ಯಾಗ್ನೆಟೋ ಆಪ್ಟಿಕ್ ಅನ್ನುತ್ತಾರೆ, ಕನ್ನಡದಲ್ಲಿ ಇನ್ನೂ ಒಂದು ಹೆಸರು ಗಟ್ಟಿಯಾಗಿಲ್ಲ, ಹಾಗಾಗಿ ನಾನೇ ಹೀಗೆ ಕರೆದಿದ್ದೇನೆ ಎಂದರು. ನಾನು ಪಿ.ಯು.ಸಿ.ಯಲ್ಲಿ ಆ ಪದ ಕೇಳಿರಲಿಲ್ಲ. ಅಯಸ್ಕಾಂತ ಬೆಳಕಿನ ಮೇಲೆ ಮಾಡುವ ಪರಿಣಾಮ ಎಂದು ಅವರು ವಿವರಿಸಿದ್ದೇ ತಡ, ಆಯಿ ರೊಟ್ಟಿ ಕೈಯಲ್ಲಿ ಹಿಡಿದು ತಕರಾರು ತೆಗೆದಳು.

“ಚುಂಬಕ ಕಬ್ಬಿಣ ಎಳಿತದ, ಖರೇ. ಬೆಳಕಿಗಿ ಹ್ಯಾಂಗ ಎಳಿತದ? ಬೆಳಕಿನ್ಯಾಗ ಕಬ್ಬಿಣ ಅದೇನು?”

“ಎಳಿಯೂದಿಲ್ಲ ಆಯಿ,” ಅಂದೆ. ಅಷ್ಟು ಮಾತ್ರ ಅಪ್ಪಾಜಿ ಆಗಷ್ಟೇ ಹೇಳಿಕೊಟ್ಟಿದ್ದರು.

“ಮತ್ತೇನ್ ಮಾಡ್ತದ? ಖಾಲಿ ನಿಂತು ನೋಡ್ತದೇನು?”

ಅದಕ್ಕೆ ಉತ್ತರ ಹುಡುಕಲು ಹಲವು ದಿನ ಹಿಡಿಯಿತು. ಉಳಿದ ಪದಗಳು ಒಂದು ಊಟಕ್ಕೆ ಮುಗಿಯುತ್ತಿದ್ದವು, ಇದು ಬೇಸಿಗೆಯೆಲ್ಲ ನಡೆಯಿತು. ಕೊನೆಗೆ ನನಗೆ ಹೊಳೆದದ್ದು ಬಟ್ಟೆ ಒಣಹಾಕುವ ಹಗ್ಗ. ಪಡಸಾಲೆಯ ಕಿಟಕಿಗೆ ಮೇಲಿನಿಂದ ಕೆಳಗೆ ನಿಂತ ಕಬ್ಬಿಣದ ಸರಳು, ಅಂದರೆ ಸಳಿಗಳಿದ್ದವು. ಹಗ್ಗವನ್ನು ಎರಡು ಸಳಿಗಳ ನಡುವೆ ತೂರಿಸಿ ಹೊರಗೆ ತೆಂಗಿನ ಗಿಡಕ್ಕೆ ಕಟ್ಟಿದೆ. ಒಳಗೆ ನಿಂತು ಹಗ್ಗವನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಆ ಅಲೆ ಸಳಿಗಳ ನಡುವೆ ಹಾಯ್ದು ಗಿಡದ ತನಕ ಹೋಗುತ್ತಿತ್ತು. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸಳಿಗೆ ಬಡಿದು ಅಲ್ಲೇ ಸಾಯುತ್ತಿತ್ತು. ಬೆಳಕೂ ಹೀಗೆ ಅಲ್ಲಾಡುತ್ತ ಹೋಗುತ್ತದೆ, ಒಂದು ಬಗೆಯ ಕಪ್ಪು ಹಾಳೆ ಈ ಕಿಟಕಿಯ ಹಾಗೆ ಒಂದು ದಿಕ್ಕಿನ ಅಲುಗಾಟವನ್ನು ಮಾತ್ರ ಬಿಡುತ್ತದೆ ಎಂದು ಆಯಿಗೆ ತೋರಿಸಿದೆ. ಅಂಥ ಬೆಳಕು ದಪ್ಪ ಗಾಜಿನೊಳಗೆ ಹೋಗುವಾಗ ಅದರ ದಾರಿಯುದ್ದಕ್ಕೂ ಜೋರಾದ ಚುಂಬಕದ ಬಲವಿದ್ದರೆ, ಬೆಳಕಿನ ದಾರಿ ನೆಟ್ಟಗೇ ಇರುತ್ತದೆ, ಅಲುಗಾಟದ ದಿಕ್ಕು ಮಾತ್ರ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಹಗ್ಗ ಹಿಡಿದ ನನ್ನ ಮುಂಗೈಯನ್ನು ಮೆಲ್ಲಗೆ ಹೊರಳಿಸಿ ತೋರಿಸಿದೆ. ಆಯಿ ಬಹಳ ಹೊತ್ತು ಹಗ್ಗವನ್ನೇ ನೋಡಿದಳು.

“ಅಂದ್ರ ಚುಂಬಕ ಬೆಳಕಿಗಿ ಎಬ್ಬಸೂದಿಲ್ಲ, ಎಳಿಯೂದಿಲ್ಲ. ಮಲಗಿದವರಿಗಿ ಮಗ್ಗಲ ಬದಲಸಿದಂಗ ಮಾಡ್ತದ. ಹೌದಿಲ್ಲೋ?”

ಅಪ್ಪಾಜಿ ನಕ್ಕರು. ಯಾವ ಪುಸ್ತಕದಲ್ಲೂ ಇಷ್ಟು ಚಂದ ಬರೆದಿಲ್ಲ ಅಂದರು. ನನ್ನ ತಲೆಯ ಮೇಲೆ ಕೈ ಇಟ್ಟು, “ಈ ಪದ ನಿನ್ನ ಸಲುವಾಗೇ ಆರಿಸೀನಿ ಶೈಲಾ. ಬ್ಯಾರೆ ಯಾರಿಗೂ ಇದು ಕೊಡ್ತಿರಲಿಲ್ಲ,” ಅಂದರು. ಅವರು ಹೊಗಳುವುದು ಅಪರೂಪ. ಹೊಗಳಿದ ಮೇಲೆ ತಮಗೇ ನಾಚಿಕೆಯಾದ ಹಾಗೆ ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಅವತ್ತೂ ಹಾಗೇ ಹೋದರು.

ಆಮೇಲೆ ಅವರು ಔರಾದಿನ ಸಾಲಿಯ ಪ್ರಯೋಗದ ಕಪಾಟಿನಿಂದ ಅಂಗೈಯಷ್ಟು ಅಗಲದ ಎರಡು ಕಪ್ಪು ಹಾಳೆ ತಂದರು. ಒಂದರ ಮೇಲೊಂದು ಇಟ್ಟು ಕಿಟಕಿಯತ್ತ ಹಿಡಿದರೆ ಹೊರಗಿನ ಬಿಸಿಲು ಮಸಕಾಗಿ ಕಾಣುತ್ತಿತ್ತು. ಒಂದನ್ನು ಕಾಲುಸುತ್ತು ತಿರುಗಿಸಿದರೆ ಪೂರ್ತಿ ಕತ್ತಲು. ಈ ಕತ್ತಲಿನ ನಡುವೆ ಆ ಗಾಜನ್ನೂ ಚುಂಬಕವನ್ನೂ ಇಟ್ಟರೆ, ಯಾವ ಹಾಳೆಯನ್ನೂ ಮುಟ್ಟದೆ, ಕತ್ತಲು ಒಂದು ಎಳೆಯಷ್ಟು ತೆರೆದುಕೊಳ್ಳುತ್ತದೆ ಎಂದು ಅಪ್ಪಾಜಿ ಹೇಳಿದರು. ನಮ್ಮ ಸಾಲಿಯಲ್ಲಿ ಅಂಥ ಗಾಜಿಲ್ಲ, ಅಷ್ಟು ಜೋರಿನ ಚುಂಬಕವಿಲ್ಲ, ದೊಡ್ಡ ಕಾಲೇಜಿನಲ್ಲಿ ತೋರಿಸುತ್ತಾರೆ ಅಂದರು. ನನಗೆ ಬಿ.ಎಸ್ಸಿ. ಅಂದರೆ ಅವತ್ತಿನಿಂದ ಅದೇ ಆಯಿತು. ಪದವಿ, ನೌಕರಿ ಯಾವುದೂ ಕಣ್ಣ ಮುಂದೆ ಇರಲಿಲ್ಲ. ಆ ಕತ್ತಲು ತೆರೆದುಕೊಳ್ಳುವುದನ್ನು ನನ್ನ ಕಣ್ಣಿನಿಂದ ನೋಡಬೇಕಿತ್ತು.

ಇನ್ನೊಂದು ಸಂಗತಿಯನ್ನು ಅವರು ಮತ್ತೆ ಮತ್ತೆ ಹೇಳಿಸಿದರು. ಸಕ್ಕರೆ ನೀರೂ ಬೆಳಕಿನ ಮಗ್ಗಲು ಬದಲಿಸುತ್ತದೆ. ಆದರೆ ಅದೇ ಬೆಳಕನ್ನು ಕನ್ನಡಿಯಿಂದ ತಿರುಗಿ ಕಳಿಸಿದರೆ ಸಕ್ಕರೆ ನೀರಿನಲ್ಲಿ ಅದು ಮೊದಲಿನಂತಾಗುತ್ತದೆ. ಚುಂಬಕದಲ್ಲಿ ಹಾಗಾಗುವುದಿಲ್ಲ, ಬರುವಾಗಲೂ ಅದೇ ಕಡೆಗೆ ತಿರುಗಿ ಎರಡರಷ್ಟು ಹೊರಳಿರುತ್ತದೆ. ಬೆಳಕಿಗೆ ಹೋಗುವ ಬಾಗಿಲು ಮಾತ್ರ ಇಡಬೇಕು, ತಿರುಗಿ ಬರುವ ಬಾಗಿಲು ಮುಚ್ಚಬೇಕು ಅನ್ನುವ ಕಡೆ ಇದನ್ನೇ ಬಳಸುತ್ತಾರಂತೆ. ತೀಕ್ಷ್ಣವಾದ ಲೇಸರ್ ಬೆಳಕು ತಿರುಗಿ ಬಂದು ತನ್ನ ದೀಪವನ್ನೇ ಕೆಡಿಸದ ಹಾಗೆ ಅಂಥ ಒಂದು ಬಾಗಿಲು ಇಡುತ್ತಾರಂತೆ.

“ವಾಪಸ್ ಬರೋ ಬೆಳಕಿನ ಮಾತು ಕೇಳೇ ಕೇಳ್ತಾರ. ಅಲ್ಲಿ ತಡವರಿಸಬ್ಯಾಡ,” ಎಂದು ಅಪ್ಪಾಜಿ ದಿನಾ ಎಚ್ಚರಿಸುತ್ತಿದ್ದರು.

ಆ ಭಾನುವಾರ ನಾನೂ ಅಪ್ಪಾಜಿಯೂ ಭಾಲ್ಕಿಯಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ರಜೆಯಲ್ಲಿದ್ದ ಒಂದು ಸಾಲಿಯ ಕೋಣೆ. ಬೆಂಚುಗಳ ಮೇಲೆ ಕೆಲವು ಗಂಡಸರು ಕೂತಿದ್ದರು. ಇಬ್ಬರ ಬೆರಳಿಗೆ ಸುಣ್ಣದಕಡ್ಡಿಯ ಪುಡಿ ಹತ್ತಿದ್ದು ನೋಡಿ ಮಾಸ್ತರರೆಂದು ಗುರುತಿಸಿದೆ. ಎದುರಿಗೆ ಮನೆಯಿಂದ ತಂದ ಕುರ್ಚಿಯಲ್ಲಿ ಒಬ್ಬ ಹಿರಿಯ ಹೆಂಗಸು, ಆ ಸೆಕೆಯಲ್ಲೂ ಜರಿ ಸೀರೆ, ಮಡಿಲಲ್ಲಿ ಬಟ್ಟೆಯಿಂದ ಮುಚ್ಚಿದ ಬುಟ್ಟಿ. ಕಿಟಕಿಯ ಪಕ್ಕ ಕನ್ನಡಕದ ಯುವಕನೊಬ್ಬ ಅಂಗಿಯ ತೋಳಿನ ಗುಂಡಿ ಹಾಕುತ್ತ ಬಿಚ್ಚುತ್ತ ಕೂತಿದ್ದ. ಹೆಂಗಸು ಯಾರೆಂದು ಅಪ್ಪಾಜಿಯನ್ನು ಮೆಲ್ಲಗೆ ಕೇಳಿದೆ. “ಮಾಸ್ತರ ಮನಿಯವರು. ಅವರಿಗೂ ಕೇಳೋ ಹವ್ಯಾಸ ಅದ,” ಅಂದರು.

ಮೊದಲು ಕರಿಹಲಗೆಯ ಮೇಲೆ ಹೆಸರು, ಊರು ಬರೆಯಲು ಹೇಳಿದರು. ಬರೆದೆ. ಕಾಂತದ್ಯುತಿ ಎಂದು ದೊಡ್ಡದಾಗಿ ಬರೆದು ಅದರ ಕೆಳಗೆ ಇಂಗ್ಲಿಷ್ ಹೆಸರನ್ನೂ ಬರೆದೆ.

“ಅಕ್ಷರ ಮುತ್ತಿನಂಗ ಅವ,” ಅಂದರು ಆ ಹೆಂಗಸು, ಪಕ್ಕದವರಿಗೆ ಕೇಳುವ ಹಾಗೆ.

ಮನೆಯಿಂದ ತಂದ ಹಗ್ಗವನ್ನು ಕಿಟಕಿಯ ಸಳಿಗಳ ನಡುವೆ ತೂರಿಸಿ ನಾನು ಮನೆಯಲ್ಲಿ ಮಾಡಿದ ಹಾಗೇ ತೋರಿಸಿದೆ. ಮಗ್ಗಲು ಬದಲಿಸುವ ಆಯಿಯ ಮಾತು ಹೇಳಿದಾಗ ಎಲ್ಲರೂ ನಕ್ಕರು, ಮಾಸ್ತರರೊಬ್ಬರು ತೊಡೆ ತಟ್ಟಿದರು. ನನ್ನ ನಾಲಿಗೆಗೆ ರೆಕ್ಕೆ ಬಂದಿತ್ತು.

“ಇನ್ನೊಮ್ಮಿ ಹಗ್ಗ ಹಿಡ್ಕೊಂಡು ಆ ಗ್ವಾಡಿ ತನಾ ಹೋಗಿ ಬಾ ತಂಗಿ,” ಅಂದರು ಹೆಂಗಸು. “ಜರಾ ಸಾವಕಾಶ. ನನಗ ಲಗು ತಿಳಿಯೂದಿಲ್ಲ.”

ಹೋಗಿ ಬಂದೆ.

“ಅಲ್ಲಿ ನೆರಳದ. ಬಿಸಿಲಿಗಿ ಬಂದು ನಿಂತು ಹೇಳು, ಹಗ್ಗ ಕಾಣವಲ್ದು.”

ಬಿಸಿಲಿಗೆ ಬಂದು ನಿಂತೆ. ಅವರ ಕಣ್ಣು ನನ್ನ ಮುಖದಿಂದ ಪಾದಕ್ಕೆ, ಪಾದದಿಂದ ಮುಖಕ್ಕೆ ಓಡಾಡಿತು. ಹಗ್ಗ ನೋಡಿದ್ದು ಕಡಿಮೆ. ಪಾಪ, ನಿಜವಾಗಿಯೂ ತಿಳಿದಿಲ್ಲ ಅನ್ನಿಸಿ ನಾನು ಇನ್ನಷ್ಟು ಬಿಡಿಸಿ ಹೇಳಿದೆ. ಇಂಗ್ಲಿಷಿನಲ್ಲೂ ನಾಕು ಮಾತು ಹೇಳು ಅಂದರು. ಕಾನ್ವೆಂಟಿನ ಉಚ್ಚಾರದಲ್ಲಿ ವ್ಯಾಖ್ಯೆ ಹೇಳಿದೆ. ಒಂದು ಪದವೂ ತಿಳಿಯದ ಅವರ ಮುಖ ಅರಳಿತು.

“ಇದರದು ಉಪಯೋಗ ಏನದವ್ವ?” ಮಾಸ್ತರರೊಬ್ಬರು ಕೇಳಿದರು.

ಒಂದೇ ಕಡೆಯ ಬಾಗಿಲಿನ ಬಗ್ಗೆ ಹೇಳಿದೆ. ಆಗ ಕಿಟಕಿಯ ಪಕ್ಕದ ಯುವಕ ಮೊದಲ ಸಲ ಬಾಯಿ ತೆರೆದ.

“ಆ ಬೆಳಕಿಗಿ ಕನ್ನಡಿ ಹಿಡಿದು ವಾಪಸ್ ಕಳಸಿದ್ರ ಏನಾಗ್ತದ್ರಿ?”

ಅಪ್ಪಾಜಿ ನನ್ನನ್ನೇ ನೋಡುತ್ತಿದ್ದರು. ನಾನು ತಡವರಿಸಲಿಲ್ಲ. ಸಕ್ಕರೆ ನೀರಿನಲ್ಲಿ ಏನಾಗುತ್ತದೆ, ಚುಂಬಕದಲ್ಲಿ ಏನಾಗುತ್ತದೆ, ಎರಡನ್ನೂ ಹೇಳಿದೆ. ಯುವಕ ತಲೆಯಾಡಿಸಿ, “ಬರೋಬರ್ ಅದ,” ಅಂದ. ಆ ಕೋಣೆಯಲ್ಲಿ ನನ್ನ ಮಾತನ್ನು ಮಾತಾಗಿ ಕೇಳಿದವನು ಅವನೊಬ್ಬನೇ ಅನ್ನಿಸಿತು. ಬಿ.ಎಸ್ಸಿ. ನನ್ನ ಕೈಗೆ ಬಂದೇಬಿಟ್ಟಿತು ಅಂದುಕೊಂಡೆ. ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು. ಹೊರಡುವಾಗ ಆ ಹೆಂಗಸು ಬುಟ್ಟಿಯ ಬಟ್ಟೆ ಸರಿಸಿ, ನನಗೆ ಕುಂಕುಮ ಹಚ್ಚಿ, ಸೆರಗು ಒಡ್ಡು ಅಂದು ಅದರಲ್ಲಿ ತೆಂಗಿನಕಾಯಿ, ಹಿಡಿ ಅಕ್ಕಿ, ಒಂದು ಕುಪ್ಪಸದ ಕಣ ಇಟ್ಟರು. ಸಭೆಗಳಲ್ಲಿ ಮಾತಾಡಿದವರಿಗೆ ಹಾರ ಹಾಕುತ್ತಾರೆ, ಹೆಂಗಸರಿಗೆ ಬಹುಶಃ ಹೀಗೆ ಮಾಡುತ್ತಾರೆ ಎಂದು ತಿಳಿದು ನಾನು ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ನಗುತ್ತ ಥ್ಯಾಂಕ್ಯೂ ಅಂದೆ. ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕರು. ಯುವಕ ಮಾತ್ರ ನಗಲಿಲ್ಲ.

ಬಸ್ಸು ಭಾಲ್ಕಿ ಬಿಟ್ಟು ಹೊಲಗಳ ನಡುವೆ ಬಂದ ಮೇಲೆ ಮಡಿಲಿನ ತೆಂಗಿನಕಾಯಿ ಕುಲುಕುತ್ತ ನನ್ನ ಹೊಟ್ಟೆಗೆ ಬಡಿಯತೊಡಗಿತು. ಅದನ್ನು ಎರಡೂ ಕೈಯಲ್ಲಿ ಹಿಡಿದಾಗ ದೊಡ್ಡಪ್ಪನ ಮಗಳು ನಂದಾ ಅಕ್ಕ ನೆನಪಾದಳು. ಹಿಂದಿನ ವರ್ಷ ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು, ಸೆರಗಿಗೆ ಏನೂ ಹಾಕಿರಲಿಲ್ಲ. ಹಾಕಿಲ್ಲವೆಂದೇ ದೊಡ್ಡವ್ವ ಅತ್ತಿದ್ದಳು.

“ಅಪ್ಪಾಜಿ, ನನಗ ಉಡಿ ಯಾಕ ತುಂಬಿದ್ರು?”

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ಅಪ್ಪಾಜಿ.”

“ನೋಡ್ಲಕ್ಕ ಬಂದಿದ್ರವ್ವ.”

“ಯಾರಿಗಿ?”

ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿತ್ತು. ಅವರು ಆಮೇಲೆ ಒಂದೇ ಸಮನೆ ಮಾತಾಡಿದರು, ಹಿಂದಿನ ಸೀಟಿನವರಿಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ.

“ನಂದಾಗ ನೋಡಿ ಬಿಟ್ಟು ಹೋದಾಗ ಓಣಿಯವರು ಏನೇನ್ ಅಂದ್ರು, ನೀ ಕೇಳಿಲ್ಲೇನು? ಆ ಹುಡುಗಿ ಹೊರಗ ಬರೂದೇ ಬಿಟ್ಳು. ನಿನಗ ಹಂಗ ಆಗಬಾರದಂತ ಮಾಡೀನಿ. ಜಾತ್ರಿಯಾಗ, ಮದುವಿ ಮನಿಯಾಗ ಹುಡುಗಿಗಿ ಗೊತ್ತಿಲ್ಲದಂಗ ನೋಡ್ತಾರಲ್ಲ, ಹಂಗೇ. ಅವರು ಬ್ಯಾಡ ಅಂದಿದ್ರ ನಿನಗ ಗೊತ್ತೇ ಆಗ್ತಿರಲಿಲ್ಲ. ಚಂದ ಮಾತಾಡಿ ಬಂದೆ ಅಂತ ಖುಷಿಲಿಂದ ಇರ್ತಿದ್ದಿ.”

“ಮತ್ತ ಮಾಸ್ತರ ಕೂಟ?”

“ಮಾಸ್ತರೂ ಇದ್ರಲ್ಲ.”

“ಬಿ.ಎಸ್ಸಿ.?”

“ಓದಸ್ತೀವಿ ಅಂದಾರ. ಮದುವಿ ಆದಮ್ಯಾಲ.”

ಕರಿಹಲಗೆಯ ಮೇಲಿನ ನನ್ನ ಅಕ್ಷರ, ನಾನು ಗೋಡೆಯ ತನಕ ಹೋಗಿ ಬಂದದ್ದು, ಬಿಸಿಲಿಗೆ ಬಂದು ನಿಂತದ್ದು, ಒಂದೊಂದೂ ಈಗ ಬೇರೆಯಾಗಿ ಕಾಣತೊಡಗಿತು. ಕೈಬರಹ ನೋಡಿದರು, ನಡಿಗೆ ನೋಡಿದರು, ಬಣ್ಣ ನೋಡಿದರು. ತಿಳಿಯದ ಹೆಂಗಸೆಂದು ನಾನು ಮರುಕ ಪಟ್ಟು ಮತ್ತೊಮ್ಮೆ ವಿವರಿಸಿದ್ದೆ. ಆ ಸಂಬಂಧ ಮುಂದೆ ಗಟ್ಟಿಯಾಗಲಿಲ್ಲ, ಯಾಕೆಂದು ನನಗೆ ಯಾರೂ ಹೇಳಲಿಲ್ಲ. ಮರುವರ್ಷ ಔರಾದಿನ ಬಟ್ಟೆ ಅಂಗಡಿಯವರ ಮನೆಗೆ ನನ್ನನ್ನು ಕೊಟ್ಟರು. ಈಗಲೂ ಅದೇ ಮನೆಯಲ್ಲಿದ್ದೇನೆ. ಒಳ್ಳೆಯ ಜನ, ನನ್ನನ್ನು ಚೆನ್ನಾಗಿಯೇ ನಡೆಸಿಕೊಂಡಿದ್ದಾರೆ. ಬಿ.ಎಸ್ಸಿ.ಯ ಬೆಂಚಿನ ಮೇಲೆ ನಾನು ಕೂರಲೇ ಇಲ್ಲ. ಆ ಕತ್ತಲು ತೆರೆದುಕೊಳ್ಳುವುದನ್ನು ಇವತ್ತಿನ ತನಕ ನೋಡಿಲ್ಲ. ಮೊಮ್ಮಗಳ ಮೊಬೈಲಿನಲ್ಲಿ ಅದರ ಚಿತ್ರಗಳು ಸಿಗುತ್ತವೆ, ಹುಡುಕಿ ಕೊಡಲಾ ಎಂದು ಅವಳು ಕೇಳಿದಾಗ ಬೇಡವೆಂದಿದ್ದೇನೆ.

ಆ ದಿನ ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ, ಮಡಿಲು ನೋಡಿದಳು. ಅವಳ ಮುಖದಲ್ಲಿ ಎಷ್ಟು ಸಮಾಧಾನ ಮೂಡಿತೆಂದರೆ ನಾನು ಬಯ್ಯಬೇಕೆಂದು ಹೊತ್ತು ತಂದ ಮಾತು ಬಿಟ್ಟು ಮಡಿಲನ್ನೇ ಅವಳ ಮುಂದೆ ಒಡ್ಡಿದೆ. ತೆಂಗಿನಕಾಯಿ ಇಸಿದುಕೊಂಡು ದೇವರ ಜಗುಲಿಗೆ ಹೋದಳು. ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

“ಮಗ್ಗಲಿನ ಮಾತು ಹೇಳಿದೇನು?”

“ಹೇಳಿದೆ. ಎಲ್ಲರೂ ನಕ್ಕರು. ನಿನಗೂ ಗೊತ್ತಿತ್ತೇನು ಆಯಿ?”

ಅವಳು ಮೊರದಿಂದ ತಲೆ ಎತ್ತಲಿಲ್ಲ.

“ಗೊತ್ತಿತ್ತವ್ವ. ಹೇಳಬ್ಯಾಡ ಅಂದಿದ್ರು. ನೀ ಅಲ್ಲಿ ಹೋಗಿ ತಲಿ ತಗ್ಗಸ್ತಿ ಅಂದ್ರು.”

“ತಿಳಿಯದೆ ತಿಳಿತು ಅನ್ನೂದಿಲ್ಲ ಅಂತಿದ್ದಿ. ಗೊತ್ತಿದ್ದೂ ಸುಮ್ಮನ ಇರ್ತೀಯೇನು?”

ಆಯಿ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. ಇಡೀ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ನನ್ನ ಜಡೆ ಹೆಣೆಯುವಾಗ ಗೊತ್ತಿತ್ತು, ಸೀರೆಗೆ ಇಸ್ತ್ರಿ ಹಾಕುವಾಗ ಗೊತ್ತಿತ್ತು, ಬೆಳಿಗ್ಗೆ ರೊಟ್ಟಿ ಬಡಿಯುವಾಗಲೂ ಗೊತ್ತಿತ್ತು. ಸೀರೆ ಬದಲಿಸಿ ಎರಡು ಜಡೆ ನಾನೇ ಹಾಕಿಕೊಂಡೆ.

ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದೆ. ಬಿಸಿಲು ಇಳಿಯುತ್ತಿತ್ತು. ಕೈ ಕೆಲಸ ಮಾಡುತ್ತಿದ್ದಂತೆ ಮನಸ್ಸು ಅಪ್ಪಾಜಿಯ ಕಡೆಗೆ ಸ್ವಲ್ಪ ವಾಲತೊಡಗಿತು. ಸುಳ್ಳು ಹೇಳಿದರು, ಆದರೆ ನಂದಾ ಅಕ್ಕನ ಹಾಗೆ ನನಗಾಗಬಾರದೆಂದು ಹೇಳಿದರು. ಕೂಟ ಸುಳ್ಳು, ಬಿ.ಎಸ್ಸಿ.ಯ ಮಾತು ಸುಳ್ಳು. ಪದ ಸುಳ್ಳಲ್ಲ. ಎಷ್ಟು ರಾತ್ರಿಗಳ ತಾಟಿನ ಮುಂದೆ ಅವರು ನನ್ನ ಜೊತೆ ಕೂತಿದ್ದರು. ನಾನು ತಪ್ಪಿದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು, ಸರಿ ಹೇಳಿದರೆ ಕಣ್ಣು ಸಣ್ಣದಾಗುತ್ತಿತ್ತು. ಆ ಕಣ್ಣು ನಾಟಕ ಆಡಿರಲಿಕ್ಕಿಲ್ಲ. ಇಷ್ಟೊಂದು ಪದಗಳಲ್ಲಿ ಇದೊಂದನ್ನು ನನ್ನ ಸಲುವಾಗಿ ಆರಿಸಿದೆ ಅಂದಿದ್ದರು. ನೋಡುವವರು ಬರಲಿ ಬಿಡಲಿ, ಅದನ್ನು ಅವರು ನನಗೆ ಕೊಟ್ಟೇ ಕೊಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವರು ಪದ ಹೇಳಿದರೆ ಉತ್ತರ ಕೊಡುತ್ತೇನೆ ಎಂದು ನಿರ್ಧರಿಸುವ ಹಂತಕ್ಕೆ ಬಂದಿದ್ದೆ.

ಪಕ್ಕದ ಮನೆಯ ಶಾಂತಾಬಾಯಿ ಕಾಕು ತಮ್ಮ ಹಿತ್ತಲಿನ ಕಟ್ಟೆಯ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದರು. ನಡುವಿನ ಗೋಡೆ ಸೊಂಟದ ಎತ್ತರದ್ದು, ನಮ್ಮ ಮನೆಯ ಊಟದ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು.

“ಒಪ್ಪಿದ್ರಂತಲ್ಲ ಶೈಲಾ?”

ಅಪ್ಪಾಜಿಯ ಅಂಗಿ ಝಾಡಿಸಿ ಮಡಚಿದೆ.

“ಒಪ್ಪದೆ ಏನ್ ಮಾಡ್ತಾರ,” ಅಂದರು ಕಾಕು, ಸೊಪ್ಪಿನ ಬೇರು ಮುರಿಯುತ್ತ. “ಆ ಹುಡುಗ ಕಲಬುರ್ಗಿಯಾಗ ದೊಡ್ಡ ಓದು ಓದ್ಲತಾನಂತಲ್ಲ, ಅದೂ ಇದೇ ನಿನ್ನ ಚುಂಬಕ ಬೆಳಕಿನ ಮ್ಯಾಲೇ ಅಂತ. ನಿಮ್ಮಪ್ಪಾಜಿ ಅದು ಕೇಳ್ಕೊಂಡು ಬಂದ ದಿನ ರಾತ್ರಿನೇ ನಿನಗ ಆ ಪದ ಶುರು ಹಚ್ಚಿದ್ರು ನೋಡು. ಮೆಂತೆಪಲ್ಯ ಭಾಳ ಆಗ್ಯಾದ, ನಿಮ್ಮವ್ವಗ ಬೇಕೇನು ಕೇಳು.”